ಬಾದಾಮಿ ಮರದ ಕಸ

ಡಬ್ಬದ ಮುಚ್ಚಳ ತೆಗೆದ ತುಳಸಿ ತಟ್ಟನೆ ಅದನ್ನು ಮುಚ್ಚಿ, ಇನ್ನೊಮ್ಮೆ ತೆಗೆದಳು. ವಿಶಾಖಪಟ್ಟಣದಲ್ಲಿ ರೈಲು ಹತ್ತುವಾಗ ಮಟ್ಟಸವಾಗಿ, ಮಿರಮಿರ ಮಿಂಚುತ್ತಿದ್ದ ಕಾಗದದ ಬಾದಾಮಿ ಎಲೆಗಳು ಈಗ ಒಂದೂ ಬಿಡದೆ ದೊನ್ನೆಯ ಹಾಗೆ ಮುದುಡಿಕೊಂಡಿದ್ದವು.

"ರೀ, ಇಲ್ಲಿ ಬರ್ರಿ ಲಗೂನ. ನೋಡ್ರಿ ಏನಾಗೇತಿ!"

ಗಂಡ ಅಶೋಕ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದ. "ಅಯ್ಯ, ಹಪ್ಪಳ ಕರದಂಗ ಆಗ್ಯಾವಲ್ಲ!"

"ನಗಬ್ಯಾಡ್ರಿ. ಅಳು ಬರಾಕತ್ತೈತಿ ನನಗ."

ತಪ್ಪು ಅವಳದೇ. ಧಾರವಾಡದ ತವರಿನಲ್ಲಿ ಕಾಗದದ ಹೂವು ಎಲೆ ಮಾಡುವಾಗ ಎರಡೂ ಮೈಗೆ ಬಣ್ಣ ಹಚ್ಚಿ, ಮೇಲೊಂದು ಕೈ ತೆಳು ಗೋಂದು ಸವರುತ್ತಿದ್ದಳು. ವಿಶಾಖಪಟ್ಟಣದ ಸಮುದ್ರದ ಗಾಳಿಗೆ ಹಿಂಬದಿ ಒಣಗುತ್ತಲೇ ಇರಲಿಲ್ಲ. ಒಂದಕ್ಕೊಂದು ಅಂಟಿ ರಂಪವಾಗುತ್ತಿತ್ತು. ಬರಬರುತ್ತ ಒಂದೇ ಮೈಗೆ ಹಚ್ಚುವುದು ರೂಢಿಯಾಗಿತ್ತು. ಅಲ್ಲಿಯ ತೇವ ಕಾಗದವನ್ನು ಮೆತ್ತಗೆ ಇಟ್ಟಿತ್ತು. ವಿಜಯವಾಡದ ಮೇ ತಿಂಗಳ ಕೆಂಡದಂಥ ಬಿಸಿಲಿಗೆ ಗೋಂದು ಹಚ್ಚಿದ ಮೈ ಬಿಗಿದು, ಎಲೆಯನ್ನೇ ಎಳೆದು ಮಡಚಿಬಿಟ್ಟಿತ್ತು.

ಕೆಳಗೆ ಹಾಲಿನಲ್ಲಿ, ವಿಶಾಖಪಟ್ಟಣದಲ್ಲಿ ನೆರೆಮನೆಯವರಾಗಿದ್ದ ಹೈಮಾವತಿಯಮ್ಮ ದಂಪತಿಗಳ ಷಷ್ಟಿಪೂರ್ತಿಗೆ ಕುರ್ಚಿ ಹಾಕುತ್ತಿದ್ದರು. ಕುರ್ಚಿಗಳ ಹಿಂದಿನ ಗೋಡೆಯನ್ನು ತುಳಸಿಯ ಬಾದಾಮಿ ಕೊಂಬೆಗೆಂದೇ ಖಾಲಿ ಬಿಟ್ಟಿದ್ದರು.

ನಾಲ್ಕು ವರ್ಷದ ಹಿಂದೆ ಹುದ್‌ಹುದ್ ಚಂಡಮಾರುತ ಬಂದಾಗ ತುಳಸಿ ವಿಶಾಖಪಟ್ಟಣಕ್ಕೆ ಹೊಸಬಳು. ಬ್ಯಾಂಕಿನ ಟ್ರೇನಿಂಗಿಗೆಂದು ಅಶೋಕ ಹೈದರಾಬಾದಿಗೆ ಹೋಗಿದ್ದ. ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಕಿಟಕಿಯ ಗಾಜು ಒಡೆದು ಒಳಗೆಲ್ಲ ನೀರು ನುಗ್ಗಿದಾಗ, ಕಾಂಪೌಂಡಿನ ಆಚೆ, ಬಂದರಿನ ಕ್ವಾರ್ಟರ್ಸಿನಿಂದ ಯಾರೋ ಕೂಗಿದ್ದರು, ಅದೂ ಕನ್ನಡದಲ್ಲಿ: "ಏ ಹುಡುಗಿ! ಒಬ್ಬಳೇ ಏನು ಮಾಡ್ತೀಯ ಅಲ್ಲಿ? ಬಾ ಈ ಕಡೆ!" ಬಳ್ಳಾರಿಯಲ್ಲಿ ಹುಟ್ಟಿ, ಬಂದರಿನ ಗುಮಾಸ್ತರನ್ನು ಮದುವೆಯಾಗಿ ಬಂದಿದ್ದ ಹೈಮಾವತಿಯಮ್ಮ ಅವರು. ಆ ದಿನವಿಡೀ ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ ಬೀರು ಒತ್ತರಿಸಿ, ಇಬ್ಬರೂ ಬೆನ್ನು ಕೊಟ್ಟು ಕೂತಿದ್ದರು. ಆಮೇಲೆ ಕರೆಂಟಿಲ್ಲದ ಒಂದು ವಾರವೆಲ್ಲ ತುಳಸಿ ಅವರ ಮನೆಯ ಚಾರು ಅನ್ನ ಉಂಡೇ ಬದುಕಿದ್ದಳು. ಥ್ಯಾಂಕ್ಸ್ ಅಂದರೆ ಬೈಸಿಕೊಳ್ಳಬೇಕಿತ್ತು: "ಮನೆಯವರಿಗೆ ಯಾರಮ್ಮ ಥ್ಯಾಂಕ್ಸ್ ಹೇಳ್ತಾರೆ? ಸುಮ್ಮನೆ ಊಟ ಮಾಡು ತಲ್ಲಿ, ಊಟ ಮಾಡು ತಾಯಿ."

ಆ ಗಾಳಿಗೆ ಅವರ ಅಂಗಳದ ಬಾದಾಮಿ ಮರವೂ ಬುಡ ಸಮೇತ ಬಿತ್ತು. ದಿನಾ ಬೆಳಿಗ್ಗೆ ಆ ಮರದ ಎಲೆ ಗುಡಿಸುತ್ತ, "ಹಾಳಾದ್ದೇ, ಒಂದು ದಿನವೂ ನನಗೆ ರಜ ಕೊಡಲ್ಲ" ಎಂದು ಹೈಮಾವತಿಯಮ್ಮ ಶಾಪ ಹಾಕುತ್ತಿದ್ದರಂತೆ. ಮರವನ್ನು ಕತ್ತರಿಸಿ ಸಾಗಿಸಿದ ಮರುದಿನ ಅವರು ಕಡ್ಡಿ ಪೊರಕೆ ಹಿಡಿದು ಅಂಗಳಕ್ಕೆ ಬಂದರು. ಗುಡಿಸಲು ಏನೂ ಇರಲಿಲ್ಲ. ಸುಮ್ಮನೆ ನಿಂತರು. ಕಾಂಪೌಂಡಿನ ಈಚೆ ನಿಂತು ಅದನ್ನು ನೋಡಿದ್ದ ತುಳಸಿಗೆ ಆಮೇಲೆ ಆ ಚಿತ್ರ ಮರೆಯಲೇ ಇಲ್ಲ.

ಹೀಗಾಗಿ, ಅವರ ಗಂಡ ರಿಟೈರಾಗಿ ಇಬ್ಬರೂ ಮಗಳು ಹಾರಿಕಾ ಇರುವ ವಿಜಯವಾಡದ ಒನ್ ಟೌನಿಗೆ ಬಂದು, ಷಷ್ಟಿಪೂರ್ತಿ ಗೊತ್ತಾದಾಗ, ತುಳಸಿ ದಪ್ಪ ಡ್ರಾಯಿಂಗ್ ಶೀಟ್ ಕತ್ತರಿಸತೊಡಗಿದಳು. ರೀಫಿಲ್ ಮುಗಿದ ಪೆನ್ನಿನಿಂದ ಒತ್ತಿ ನರ ಎಳೆದಳು. ಹಸಿರು, ಅಂಚಿಗೆ ಕೆಂಪು, ನಡುವೆ ಹಳದಿ. ಬಾಯಲ್ಲಿ ಹೇಳಗೊಡದ ಮಾತನ್ನು ಕೈಯಲ್ಲಾದರೂ ಹೇಳುವ ಹುರುಪು ಅವಳಿಗೆ.

ಅಷ್ಟರಲ್ಲಿ ಹಾರಿಕಾ ಮೇಲಿನ ಕೋಣೆಗೆ ಬಂದಳು. ಡಬ್ಬ ನೋಡಿ ಅವಳ ಮುಖ ಸಣ್ಣದಾಯಿತು. "ತುಳಸಕ್ಕಾ, ಇದು ಒಣಗಿದ ಎಲೆ ಥರ ಕಾಣಿಸ್ತಿದೆ ಕದಾ? ಶುಭಕಾರ್ಯಂ ಅಕ್ಕಾ... ನೆಂಟರು ಏನಂತಾರೋ. ಏಮೀ ಅನ್ಕೋಬೇಡಿ, ಚೆಂಡುಹೂವು ಕಟ್ಟಿಸಿಬಿಡ್ತೀನಿ."

"ಕಟ್ಟಸ್ರಿ, ಕಟ್ಟಸ್ರಿ" ಎಂದಳು ತುಳಸಿ.

ಹಾರಿಕಾ ಕೆಳಗಿಳಿದ ಮೇಲೆ ಒಂದು ಎಲೆಗೆ ಒದ್ದೆ ಬಟ್ಟೆ ಒತ್ತಿ ನೋಡಿದಳು. ಕೆಂಪೆಲ್ಲ ಬಟ್ಟೆಗೆ ಬಂತು. ಇನ್ನೊಂದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಳು. ಬಣ್ಣ ಪಟಪಟ ಸಿಡಿದು ಉದುರಿತು. ಸಾಕೆನಿಸಿ ಡಬ್ಬವನ್ನು ಮಂಚದ ಕೆಳಗೆ ತಳ್ಳಿದಳು. "ಅಮ್ಮಾರ ಕೇಳಿದ್ರ ತಂದಿಲ್ಲ ಅಂತ ಹೇಳ್ರಿ" ಎಂದು ಗಂಡನಿಗೆ ಕಿವಿಮಾತು ಹೇಳುವಷ್ಟರಲ್ಲಿ ಹೈಮಾವತಿಯಮ್ಮನೇ ರೇಷ್ಮೆ ಸೀರೆ ಸರಬರ ಅನ್ನಿಸುತ್ತ ಬಾಗಿಲಲ್ಲಿ ನಿಂತಿದ್ದರು.

"ಏನು ತಂದಿಲ್ಲ?"

ಅಶೋಕ ಫ್ಯಾನು ನೋಡಿದ. ತುಳಸಿಯ ಕಣ್ಣು ಮಾತ್ರ ತಾನಾಗಿ ಮಂಚದ ಕಡೆ ಹೊರಳಿತು. ಹೈಮಾವತಿಯಮ್ಮ ಸೊಂಟ ಹಿಡಿದುಕೊಂಡು ಬಗ್ಗಿ ಡಬ್ಬ ಎಳೆದರು, ತೆರೆದರು. ಒಂದು ಎಲೆಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು, ಬೆರಳಿನಿಂದ ಅದರ ಮುದುಡಿದ ಅಂಚನ್ನು ಮೆಲ್ಲಗೆ ಮುಟ್ಟಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಗು ಉಕ್ಕಿತು.

"ಹಾಳಾದ್ದು! ಇಲ್ಲಿಗೂ ಬಂತಾ ನನ್ನ ಹಿಂದೆ!"

"ಅಮ್ಮಾರ, ಕೆಟ್ಟಾವ್ರಿ ಅವು. ಬಿಸಲಿಗೆ..."

"ಕೆಟ್ಟಿಲ್ಲಮ್ಮ. ಉದುರಿದ ಮೇಲೆ ಹೀಗೇ ಇರೋದು. ಮರದ ಮೇಲಿನ ಎಲೆ ಎಲ್ಲರೂ ನೋಡ್ತಾರೆ, ತಲ್ಲಿ. ಇದನ್ನು ನಾನು ನೋಡಿದೀನಿ, ದಿನಾ ಬೆಳಿಗ್ಗೆ." ಕಣ್ಣು ಒರೆಸಿಕೊಂಡು ಮೆಟ್ಟಿಲ ಕಡೆ ತಿರುಗಿ ಕೂಗಿದರು: "ಹಾರಿಕಾ! ಚೆಂಡುಹೂವು ಬಾಗಿಲಿಗೆ ಕಟ್ಟು. ಗೋಡೆ ನಂದು!"

"ಅಮ್ಮಾ, ನೆಂಟರು..."

"ನೆಂಟರು ಗುಡಿಸಿದ್ರಾ?"

ಎಲೆ ಕಟ್ಟಿದ ಕೊಂಬೆ ಗೋಡೆ ಏರಿತು. ಮುದುಡಿದ ಎಲೆಗಳು ಫ್ಯಾನಿನ ಗಾಳಿಗೆ ಚರಚರ ಅನ್ನುತ್ತಿದ್ದವು. ಅದರ ಕೆಳಗೆ ಹಾರ ಹಾಕಿಕೊಂಡು ಕೂತ ಹೈಮಾವತಿಯಮ್ಮ ಮಂತ್ರದ ನಡುವೆ ಒಮ್ಮೊಮ್ಮೆ ಕತ್ತೆತ್ತಿ ನೋಡುತ್ತಿದ್ದರು. ಕಣ್ಣಿಗೆ ಕಣ್ಣು ಸಿಕ್ಕಾಗ ತುಳಸಿಗೆ ಥ್ಯಾಂಕ್ಸ್ ಅನ್ನಬೇಕೆನಿಸಿತು. ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ರೈಲಿಗೆ ಹೊರಟು ಬ್ಯಾಗು ಹಿಡಿದು ಕೆಳಗೆ ಬಂದಾಗ, ಹಾಲಿನಲ್ಲಿ ಹೈಮಾವತಿಯಮ್ಮ ಪೊರಕೆ ಹಿಡಿದಿದ್ದರು. ಕೆಲಸದವಳು ಬರುತ್ತಾಳೆ ಬಿಡಮ್ಮ ಎಂದು ಹಾರಿಕಾ ಒಳಗಿನಿಂದ ಕೂಗಿದರೂ ಅವರು ಕೇಳಿಸಿಕೊಳ್ಳಲಿಲ್ಲ. ಅಕ್ಷತೆ, ಹೂವಿನ ಪಕಳೆ, ಅಡಿಕೆ ಚೂರು ಎಲ್ಲ ಒಂದು ಮೂಲೆಗೆ ಸೇರುತ್ತಿದ್ದವು. ಗೋಡೆಯ ಬುಡದಲ್ಲಿ ರಾತ್ರಿ ಉದುರಿದ ಒಂದು ಕಾಗದದ ಎಲೆ ಬಿದ್ದಿತ್ತು. ಪೊರಕೆ ಅದರ ತನಕ ಬಂತು. ತುಸು ನಿಂತಿತು. ಆಮೇಲೆ ಎಲೆಯನ್ನು ಮುಟ್ಟದೆ, ಅದರ ಸುತ್ತ ಬಳಸಿಕೊಂಡು ಮುಂದೆ ಹೋಯಿತು.