ಖುಲ್ಲಾ ಜಾಗ

"ಏ ಹೊಲ್ತಿ, ಮಣ್ಣು ಹಿತ್ತಲ ಕಡಿ ಚೆಲ್ಲಬೇ! ಬೀದಿಗಿ ಚೆಲ್ಲಿದ್ರ ಬಂದವರ ಕಣ್ಣಿಗಿ ಕಾಣಂಗಿಲ್ಲೇನು? ತಲಿಯಾಗ ಸಗಣಿ ತುಂಬ್ಯದೇನ ನಿಂದು?"

ಬೇವಿನ ಮರದ ನೆರಳಿನಲ್ಲಿ ನಿಂತು ಮನ್ಮಥಪ್ಪ ಸಾಹುಕಾರ ಬೈಯುತ್ತಿದ್ದ. ಕರೀಮ ಸಾಬನ ಮಾಳಿಗೆಯ ಮೇಲೆ ಜನಾಬಾಯಿ ಮಣ್ಣಿನ ಪುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಬೀದಿಗೆ ಚೆಲ್ಲು ಎಂದು ಮುಂಜಾನೆ ಹೇಳಿದವನೂ ಇವನೇ. ಎದುರಾಡಿದರೆ ಸಂಜೆಯ ಕೂಲಿ ಜೋಳಕ್ಕೆ ಕತ್ತರಿ.

"ಆಯ್ತರಿ ಧಣ್ಯಾ," ಎಂದು ಹಿತ್ತಲ ಕಡೆ ತಿರುಗಿದಳು. ಕೆಳಗೆ ಅವಳ ಗಂಡ ಧೊಂಡಿಬಾ ಜಂತಿಗಳನ್ನು ಇಳಿಸಿಕೊಂಡು ಒಟ್ಟುತ್ತಿದ್ದ.

ಮಣ್ಣಿನ ಚಾವಣಿಯ ಈ ಮಾಳಿಗೆ ಕೆಲಸ ಅವಳ ಕಸುಬು. ಮಳೆ ಹಿಡಿಯುವ ಮೊದಲು ಪ್ರತಿ ವರ್ಷ ಹೊಸ ಮಣ್ಣು ಹೊರಬೇಕು, ಹರಡಬೇಕು, ತುಳಿದು ಗಟ್ಟಿ ಮಾಡಬೇಕು. ನೀಲಗ್ಯಾಳದಲ್ಲಿ ಅವಳು ತುಳಿಯದ ಮಾಳಿಗೆ ಇರಲಿಲ್ಲ. ದಾಟಿದ ಹೊಸ್ತಿಲು ಮಾತ್ರ ಒಂದೂ ಇಲ್ಲ. ಹೊಲಗೇರಿಯವರು ಹೊರಗಿನ ನಿಚ್ಚಣಿಕೆಯಿಂದ ಹತ್ತಿ ಅದರಿಂದಲೇ ಇಳಿಯಬೇಕು. ಊರಿನವರ ತಲೆಯ ಮೇಲೆ ದಿನವಿಡೀ ಓಡಾಡಿದರೆ ಮೈಲಿಗೆಯಿಲ್ಲ, ಬಾಗಿಲಲ್ಲಿ ಕಾಲಿಟ್ಟರೆ ಮೈಲಿಗೆ. ಇದು ಯಾವ ಶಾಸ್ತ್ರವೋ, ಬರೆದವನಿಗೇ ಗೊತ್ತು.

ಈ ವರ್ಷ ಕೆಲಸ ತಿರುಗುಮುರುಗಾಗಿತ್ತು. ಹಾಕುವುದಲ್ಲ, ಕೀಳುವುದು. ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಬಂದು ನಿಜಾಮನ ರಾಜ್ಯ ಐದು ದಿನದಲ್ಲಿ ಮಗುಚಿತ್ತು. ಫೌಜಿನ ಬೆನ್ನಿಗೇ ಕೊಡಲಿ ಹಿಡಿದವರೂ ಎದ್ದರು. ರಜಾಕಾರರು ಮಾಡಿದ್ದಕ್ಕೆ ಏನೂ ಮಾಡದವರ ಮೇಲೆ ಸೇಡು ತೀರಿಸಿಕೊಂಡರು. ಕಮಲನಗರದ ಸಂತೆಗೆ ಆಡು ಹೊಡೆದುಕೊಂಡು ಹೋಗಿದ್ದ ಕರೀಮ ಸಾಬ ತಿರುಗಿ ಬರಲಿಲ್ಲ. ಆಡುಗಳು ಮಾತ್ರ ಯಾರ್ಯಾರದೋ ದೊಡ್ಡಿಯಲ್ಲಿ ಕಂಡವು. ಉಳಿದ ಮುಸಲ್ಮಾನರು ಒಬ್ಬೊಬ್ಬರಾಗಿ ಮನೆ ಮಾರಿ ಬೀದರ, ಹೈದರಾಬಾದು ಎಂದು ಹೊರಟರು. ಮಾರುವವರೆಲ್ಲ ಜೀವದ ಆತುರದಲ್ಲಿದ್ದರು. ಕೊಳ್ಳುವವನು ಒಬ್ಬನೇ ಇದ್ದ, ಮನ್ಮಥಪ್ಪ. ಅವನಿಗೇನು ಆತುರ?

ಖರೀದಿ ಪಕ್ಕಾ ಆಗಬೇಕಾದರೆ ಭಾಲ್ಕಿ ಕಡೆಯಿಂದ ಕಂದಾಯದ ಗಿರ್ದಾವರ ಬಂದು, ಕಣ್ಣಾರೆ ನೋಡಿ ಪಂಚನಾಮೆ ಬರೆಯಬೇಕು. ಮಾಳಿಗೆ ಇದ್ದರೆ ಅದು ಮನೆ, ಮನೆಯ ಬೆಲೆ ಕೊಡಬೇಕು. ಮಾಳಿಗೆ ಇಲ್ಲದಿದ್ದರೆ ಖುಲ್ಲಾ ಜಾಗ, ಕಾಲುಭಾಗ ಕೊಟ್ಟರೆ ಸಾಕು. ಗಿರ್ದಾವರ ಬರುವುದರೊಳಗೆ ಮಾಳಿಗೆ ಕೀಳಿಸುವುದು ಮನ್ಮಥಪ್ಪ ಹುಡುಕಿದ ವ್ಯಾಪಾರ. ಕಿತ್ತ ಸಾಗುವಾನಿ ತೊಲೆಗಳು ಅವನ ಗಾಡಿ ಏರಿ ಬೀದರಿಗೆ ಹೋಗುತ್ತಿದ್ದವು. ಅಲ್ಲಿ ಹೊಸ ಸರ್ಕಾರದ ಅಧಿಕಾರಿಗಳು, ಗುತ್ತೇದಾರರು ಮನೆಗಾಗಿ ಹುಡುಕಾಡುತ್ತಿದ್ದರು, ತೊಲೆಗೆ ಬಂಗಾರದ ಬೆಲೆ ಬಂದಿತ್ತು. ಇಲ್ಲಿ ಬಯಲಾದ ಮನೆ ಅಲ್ಲಿ ಬಂಗಾರವಾಗುತ್ತಿತ್ತು.

ಜನಾಬಾಯಿ ಈಗಾಗಲೇ ಐದು ಮನೆ ಕಿತ್ತಿದ್ದಳು. ಕೂಲಿಯ ಮೇಲೆ ಎರಡು ತೊಲೆ ಕೊಡುತ್ತೇನೆ ಎಂದಿದ್ದ ಸಾಹುಕಾರ. ಪ್ರತಿ ಸಲವೂ "ಮುಂದಿನ ಮನಿ ಆಗಲಿ" ಎನ್ನುತ್ತಿದ್ದ. ಅವಳ ಗುಡಿಸಲು ತೊಗರಿ ಕಟ್ಟಿಗೆಯದು. ಮಳೆ ಬಂದರೆ ಗಂಡಹೆಂಡತಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತೇ ಬೆಳಗು ಮಾಡಬೇಕು. ಎರಡು ತೊಲೆ ಸಿಕ್ಕರೆ ತನ್ನ ತಲೆಯ ಮೇಲೂ ಒಂದು ಮಾಳಿಗೆ. ಆ ಆಸೆಯಲ್ಲಿ ಅವಳು ಪಾಪಪುಣ್ಯ ನೋಡಿರಲಿಲ್ಲ. ನೋಡಿದಳು ಎಂದರೆ ಸುಳ್ಳಾಗುತ್ತದೆ.

"ಏ ಜನೀ! ನಿನ್ನ ಕೈಗಿ ಹುಳ ಬೀಳಲಿ! ರೊಟ್ಟಿ ಹಂಚಿನ ಮ್ಯಾಲ ಮಣ್ಣು ಬಿತ್ತಲ್ಲಬೇ!"

ಒಳಗಿನಿಂದ ಬಂದ ದನಿ ಕರೀಮ ಸಾಬನ ಹೆಂಡತಿ ಬಿಸ್ಮಿಲ್ಲಾಬೀಯದು. ಜಂತಿಗಳ ಸಂದಿನಲ್ಲಿ ಅವಳ ಮುಖ ಕಂಡಿತು, ಕೂದಲ ತುಂಬ ಮಣ್ಣು.

"ಹೊರಗ ಬಾ ಬೀ. ತೊಲಿ ಬಿದ್ದು ಸಾಯ್ತಿ."

"ಎಲ್ಲಿ ಹೋಗ್ಲಿ? ಬಯಾನಾ ಅಂತ ಹತ್ತು ರುಪಾಯಿ ಕೊಟ್ಟು ಹೆಬ್ಬಟ್ಟ ಒತ್ತಿಸ್ಕೊಂಡಾನ ಆ ಹರಾಮಿ. ಪೂರಾ ರೊಕ್ಕ ಕೊಟ್ಟ ದಿನ ಬೀದರಕ್ಕ ಅಣ್ಣನ ಮನಿಗಿ ಹೋಗ್ತೇನಿ. ಬರಿಗೈಲೆ ಹೋದ್ರ ನಮ್ಮ ವೈನಿ ಒಳಗ ಕರ್ಕೊತಾಳೇನು? ಅಲ್ಲಾ ನೋಡ್ಕೊಳ್ಳಲಿ ನಿನ್ನ, ಹೊಲ್ತಿ!"

ಇದೇ ಬೀ ಬೇಸಿಗೆಯಲ್ಲಿ ನೀರು ಕೇಳಿದರೆ ಮೇಲಿಂದಲೇ ಬೊಗಸೆಗೆ ಸುರಿದು, ಹನಿ ಸಿಡಿಯಿತೆಂದು ಸೆರಗು ಕೊಡವಿಕೊಳ್ಳುತ್ತಿದ್ದವಳು. ಜನಾಬಾಯಿಗೆ ಅಂಥ ಮರುಕವೇನೂ ಬರಲಿಲ್ಲ. ಗುದ್ದಲಿ ಎತ್ತಿದಳು.

ಐದು ಅಂಕಣದ ಮನೆಯಲ್ಲಿ ಹಿಂದಿನ ಮೂರು ಅಂಕಣ ಮುಗಿದಿದ್ದವು, ಮುಂದಿನವು ಎರಡು ಉಳಿದಿದ್ದವು. ಸಂಜೆಗೆ ಬರಬೇಕಿದ್ದ ಗಿರ್ದಾವರ ಹಾವಗೆಪ್ಪ ಮಧ್ಯಾಹ್ನಕ್ಕೇ ಬಂದು ಕುದುರೆ ಇಳಿದ. ಸಾಹುಕಾರ ಓಡಿಹೋಗಿ ಹೊರಸು ಹಾಕಿಸಿದ. ಗಿರ್ದಾವರ ದಫ್ತರ ಬಿಚ್ಚಿ ಮೇಲೆ ನೋಡಿದ.

"ಎರಡು ಅಂಕಣ ಇನ್ನಾ ಅವಲ್ರೀ ಸಾವಕಾರ್ರ. ಮಣ್ಣೂ ಹಸೀನೇ ಅದ."

"ಏನ್ ಹೇಳ್ಲಿರಿ ಹುಜೂರ್. ಹೊಲಗೇರಿ ಸೂಳಿಮಕ್ಕಳು ತೊಲಿ ಕಿತ್ತು ಒಯ್ಲತ್ತಾರ. ಗಂಡಸಿಲ್ಲದ ಮನಿ ನೋಡ್ರಿ, ನಾಯಿಗಿ ಎಲುವು ಸಿಕ್ಕಂಗ ಆಗ್ಯದ. ಸಂಜಿತನಕ ಉಳಿದದ್ದೂ ಬೀಳ್ತದ. ಖುಲ್ಲಾ ಜಾಗ ಅಂತ ಬರದುಬಿಡ್ರಿ."

"ಹಿಂದಿನ ಐದೂ ಮನಿಗಿ ಹೊಲೇರ ಕಳವು ಅಂತನೇ ಬರದೀನಿ. ಇದಕ್ಕೂ ಅದೇ ಬರಿತೇನಿ. ಊಟಕ್ಕ ಏನ್ ಮಾಡ್ಸೀರಿ?"

ಜನಾಬಾಯಿಯ ಗುದ್ದಲಿ ನಿಂತಿತು. ಐದೂ ಮನೆಗೆ! ಬೆವರು ಸುರಿಸಿದ್ದು ಕೂಲಿ ಎಂದುಕೊಂಡಿದ್ದಳು. ಸರ್ಕಾರದ ಕಾಗದದಲ್ಲಿ ಅದು ಕಳವು. ನಾಳೆ ಪೊಲೀಸರು ಕೇರಿಗೆ ನುಗ್ಗಿ ತೊಲೆ ಹುಡುಕುತ್ತಾರೆ. ತೊಲೆ ಸಿಗುವುದಿಲ್ಲ, ಬಡಿಯುವುದಕ್ಕೆ ಬೆನ್ನು ಸಿಗುತ್ತದೆ.

ಧೊಂಡಿಬಾ ನಿಚ್ಚಣಿಕೆ ಹಿಡಿದು ಪಿಸುಗುಟ್ಟಿದ. "ಇಳಿ, ಲಗೂನ ಇಳಿ. ಓಡಿ ಹೋಗಾಣು."

ಅವಳು ಇಳಿಯಲಿಲ್ಲ. ಉಳಿದ ಅಂಕಣದ ನಡುವೆ ಹೋಗಿ ಪುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು.

"ಏನಂತ ಬರಿಲತ್ತೀರಿ ಸಾಹೇಬ್ರ?"

"ಖುಲ್ಲಾ ಜಾಗ ಅಂತ. ನಿನಗ್ಯಾಕಬೇ?"

"ಹಂಗಾರ ನಾ ಎಲ್ಲಿ ಕುಂತೀನ್ರಿ? ಗಾಳಿ ಮ್ಯಾಲ ಕುಂತೀನೇನು? ಇದು ಮಾಳಿಗಿ ಅದ. ಒಳಗ ಬೀ ರೊಟ್ಟಿ ಸುಡ್ಲತ್ಯಾಳ. ಮನಿ ಅಂತ ಬರ್ಕೋರಿ."

ಬೀದಿಯಲ್ಲಿ ಹೋಗುವವರು ನಿಂತರು. ಸಾಹುಕಾರನ ಮುಖ ಹಣೆಯ ವಿಭೂತಿಯವರೆಗೂ ಕೆಂಪಾಯಿತು. ನಿಚ್ಚಣಿಕೆಯನ್ನು ಜಾಡಿಸಿ ಒದ್ದ. ಅದು ಕಲ್ಲಿನ ಮೇಲೆ ಬಿದ್ದು ಮುರಿಯಿತು.

"ನಿನ್ನ ರಂಡೀನ ಇಳಸಲೇ ಧೊಂಡ್ಯಾ! ಇಲ್ಲಾಂದ್ರ ಇಬ್ಬರನ್ನೂ ಇಲ್ಲೇ ಹುಗಿತೀನಿ!"

"ನಿಚ್ಚಣಿಕಿ ನೀವೇ ಒದ್ದೀರಲ್ಲರಿ ಧಣ್ಯಾ," ಎಂದ ಧೊಂಡಿಬಾ. ಹೇಳಿ ನೆಲಕ್ಕೆ ಕೂತುಬಿಟ್ಟ.

ಸಾಹುಕಾರ ದನಿ ಬದಲಿಸಿದ. "ಜನಾಬಾಯಿ, ಇಳಿ ಅವ್ವಾ. ಎರಡು ತೊಲಿ ಇವತ್ತೇ ಒಯ್ಯಿ. ನನ್ನ ಗಾಡಿಯಾಗೇ ನಿನ್ನ ಗುಡಸಲಿಗಿ ಕಳಸ್ತೇನಿ."

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಅವ್ವಾ ಎನ್ನಿಸಿಕೊಂಡಿರಲಿಲ್ಲ. ಅಂಗಳದಲ್ಲಿ ಬಿದ್ದ ತೊಲೆಗಳ ಮೇಲೆ ಅವಳ ಕಣ್ಣು ಹೋಯಿತು. ದಪ್ಪ ತೊಲೆಗಳು, ಹುಳ ಹಿಡಿಯದವು.

"ಕಳವಿನ ತೊಲಿ ಒಯ್ದು ಎಲ್ಲಿಡ್ಲಿರಿ?" ಎಂದಳು. ಆಮೇಲೆ ಗಿರ್ದಾವರನ ಕಡೆ ತಿರುಗಿ ಸಂತೆಯಲ್ಲಿ ಕೂಗುವ ದನಿಯಲ್ಲಿ ಕೂಗಿದಳು. "ಬರ್ಕೋರಿ ಸಾಹೇಬ್ರ! ಕಿತ್ತವಳು ನಾನೇ. ಕಳವಲ್ಲ, ಕೂಲಿ. ಕೂಲಿ ಕೊಟ್ಟವ ಮನ್ಮಥಪ್ಪ. ಮೊದಲನೇದು ಅಯ್ಯುಬನ ಮನಿ. ಆರು ಅಂಕಣ ಇತ್ತು. ತೊಲಿ ಎಲ್ಲಾ ಇವರ ಗಾಡ್ಯಾಗೇ ಬೀದರಕ್ಕ ಹೋದವು. ಎರಡನೇದು ಅವನ ತಮ್ಮಂದು..."

ಗಿರ್ದಾವರನ ಲೇಖನಿ ಮಸಿಕುಡಿಕೆಯ ಮೇಲೆಯೇ ನಿಂತಿತ್ತು.

ಕಿತ್ತುಹೋದ ಅಂಕಣದ ಕೆಳಗಿನಿಂದ ಬಿಸ್ಮಿಲ್ಲಾಬೀ ಚೀರಿದಳು. "ಎಲ್ಲಾ ಕಿತ್ತಮ್ಯಾಲ ಈಗ ಶಾಣ್ಯಾಕಿ ಆದ್ಯೇನ ಹಡಬಿ?"

"ಹೌದು ಬೀ. ಎಷ್ಟು ಬೈತಿ ಬೈ. ಒಲಿ ಮಾತ್ರ ಆರಸಬ್ಯಾಡ. ಮೂರನೇದು ಪಿಂಜಾರರದು, ಬರ್ಕೋರಿ..."

ಸಾಹುಕಾರ ಹಾರೆ ಎತ್ತಿಕೊಂಡು ಧೊಂಡಿಬಾನ ಮುಂದೆ ಹಿಡಿದ. ಧೊಂಡಿಬಾ ಕೈ ಚಾಚಲಿಲ್ಲ. ನಿಂತ ಜನರ ಕಡೆ ಹಿಡಿದ. ಯಾರೂ ಮುಂದೆ ಬರಲಿಲ್ಲ, ಯಾರೂ ತಡೆಯಲೂ ಇಲ್ಲ. ಜನ್ಮದಲ್ಲಿ ಹಾರೆ ಹಿಡಿಯದ ಮನ್ಮಥಪ್ಪ ಧೋತರ ಎತ್ತಿಕಟ್ಟಿ ತಾನೇ ಪಡಸಾಲೆಯ ಕಂಬಕ್ಕೆ ಹೊಡೆದ.

"ಸಾವಕಾರ್ರ, ಮ್ಯಾಲ ಹೆಂಗಸದಾಳ್ರಿ," ಎಂದ ಗಿರ್ದಾವರ. ಕೂತಲ್ಲಿಂದ ಏಳಲಿಲ್ಲ.

ನಾಲ್ಕನೆಯ ಮನೆ, ಐದನೆಯ ಮನೆ ಹೇಳಿ ಮುಗಿಸುವುದರೊಳಗೆ ಇನ್ನೆರಡು ಏಟು ಬಿದ್ದವು. ತೊಲೆ ಕಿರುಗುಟ್ಟಿತು. ಮಾಳಿಗೆ ಒಂದು ಗೇಣು ವಾಲಿತು, ಮಣ್ಣು ಸಾಹುಕಾರನ ರುಮಾಲಿನ ಮೇಲೆ ಸುರಿಯಿತು. ಜನಾಬಾಯಿ ಎರಡೂ ಅಂಗೈ ಮಣ್ಣಿಗೆ ಊರಿ ಇನ್ನೂ ಗಟ್ಟಿಯಾಗಿ ಕೂಗಿದಳು.

"ಆರನೇದು ಕರೀಮ ಸಾಬನ ಮನಿ. ಕೆಡವಲತ್ತವ ಮನ್ಮಥಪ್ಪ. ಕಣ್ಣಿಲೆ ನೋಡ್ಲತ್ತೀರಲ್ಲ, ಬರ್ಕೋರಿ!"