ಗಂಗಾಂಬಿಕೆ ಕೂರದೇ ಹೋದ ಬೇಸಿಗೆ

ಎಂಬತ್ತೊಂದನೇ ಇಸವಿಯ ಮಾತು. ಸ್ಕೂಲ್ ಯೂನಿಫಾರಂ ಹೊಲಿಸಬೇಕೆಂದರೆ ಗುಬ್ಬಿ ಪೇಟೆಯವರು ಗಂಗಾಂಬಿಕೆಯ ಅಂಗಡಿಗೇ ಬರುತ್ತಿದ್ದರು. ಅಂಗಡಿಯಲ್ಲಿ ಇದ್ದದ್ದು ಮೂವರೇ. ನಿಟ್ಟೂರಿನಿಂದ ರೈಲಿನಲ್ಲಿ ಬರುವ ತಿಪ್ಪಮ್ಮ ಮಿಷನ್ ತುಳಿಯುತ್ತಿದ್ದಳು. ಪಕ್ಕದ ಬೀದಿಯ ಕೌಸಲ್ಯ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದಳು. ಉಳಿದದ್ದೆಲ್ಲ ಗಂಗಾಂಬಿಕೆಯದು. ಅಳತೆ ಅವಳದು, ಕತ್ತರಿ ಅವಳದು, ಗಿರಾಕಿಗಳ ಜೊತೆ ಮಾತು ಅವಳದು, ತುಮಕೂರಿನ ಶಿರಾ ಗೇಟ್‌ಗೆ ಹೋಗಿ ಬಟ್ಟೆ ತರುವುದೂ ಅವಳೇ. ಅವಳು ಹೊರಗೆ ಹೋದರೆ ಉಳಿದಿಬ್ಬರು ಕೈಕಟ್ಟಿ ಕೂರುತ್ತಿದ್ದರು.

ಮದುವೆಯಾಗಿ ಬಹಳ ವರ್ಷವಾದ ಮೇಲೆ, ಆ ಬೇಸಿಗೆಯಲ್ಲಿ ಗಂಗಾಂಬಿಕೆ ಬಸುರಿ. ಗಂಡ ಸದಾಶಿವಯ್ಯ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸದವನು. ಮಾತು ಕಡಿಮೆ. ದಿನಾ ಸಂಜೆ ಹೆಂಡತಿಗೆಂದು ಏನಾದರೂ ಹಣ್ಣು ಕಟ್ಟಿಸಿಕೊಂಡು ಬರುತ್ತಿದ್ದ.

ಒಂದು ದಿನ ನರ್ಸ್ ಪದ್ಮಮ್ಮ ಅಂಗಡಿಗೇ ಬಂದು ಅವಳ ಬಿಪಿ ನೋಡಿದರು. ಮುಖ ಗಂಭೀರವಾಯಿತು.

"ಕಾಲು ನೋಡ್ಕೊಂಡಿದೀಯಾ? ಎಷ್ಟು ಊದಿದೆ. ಬಿಪಿನೂ ಜಾಸ್ತಿ ಇದೆ. ಇವತ್ತೇ ತುಮಕೂರು ಆಸ್ಪತ್ರೆಗೆ ಹೋಗಿ ತೋರ್ಸು. ಅಡ್ಮಿಟ್ ಆಗು ಅಂದ್ರೆ ಆಗು."

"ಸ್ಕೂಲ್ ಓಪನ್ ಆಗೋ ಟೈಮು ಕಣಕ್ಕ. ಬಟ್ಟೆ ಕತ್ತರ್ಸೋರು ಯಾರು?"

"ತಿಪ್ಪಮ್ಮ ಇದಾಳಲ್ಲ."

ಗಂಗಾಂಬಿಕೆ ದನಿ ತಗ್ಗಿಸಿದಳು. "ಒಂದ್ಸಲ ಕೊಟ್ಟು ನೋಡಿದೀನಿ. ಶರ್ಟಿನ ಬಟ್ಟೇನೇ ಹಾಳ್ಮಾಡಿದ್ಲು. ನಾನು ಗೀಟು ಎಳ್ದಿದ್ದು ಹೊಲಿಗೆಗೆ. ಅವ್ಳು ಗೀಟಿನ ಮೇಲೇ ಕತ್ತರಿಸ್ಬುಟ್ಲು."

"ಹೊಲಿಗೆಗೆ ಜಾಗ ಬಿಟ್ಟು ಕತ್ತರ್ಸು ಅಂತ ಹೇಳಿದ್ಯಾ?"

"ಅದನ್ನೂ ಹೇಳ್ಬೇಕಾ ಅಕ್ಕ? ಇಷ್ಟು ವರ್ಷದಿಂದ ಹೊಲೀತಾವ್ಳೆ."

"ಹೊಲಿಯೋದು ಬೇರೆ, ಕತ್ತರ್ಸೋದು ಬೇರೆ. ನೀನು ಹೇಳ್ಕೊಡ್ದೆ ಕೊಟ್ಟೆ, ಕೆಟ್ಟ ತಕ್ಷಣ ಕಿತ್ಕೊಂಡೆ. ಅದು ಕೆಲ್ಸ ವಹಿಸಿದಂಗಾಯ್ತಾ?"

ಗಂಗಾಂಬಿಕೆ ಸೀಮೆಸುಣ್ಣ ಎತ್ತಿಕೊಂಡಳು. "ಈ ವಾರ ಕಳೀಲಿ. ಹೋಗ್ತೀನಿ."

ಮಿಷನ್ ಮುಂದಿದ್ದ ತಿಪ್ಪಮ್ಮನಿಗೆ ಎಲ್ಲ ಕೇಳಿಸಿತ್ತು. ಅವಳು ಮಿಷನ್ ತುಳಿಯುತ್ತಲೇ ಇದ್ದಳು.

ಆ ವಾರ ಕಳೆಯಿತು. ಇನ್ನೊಂದೂ ಕಳೆಯಿತು. ಪದ್ಮಮ್ಮ ಮತ್ತೆ ಬಂದು ಹೇಳಿದರು. ಸದಾಶಿವಯ್ಯನೂ ಹೇಳಿದ. "ನಾನು ಹೋದ್ರೆ ಅಂಗಡಿ ನಿಂತೋಗುತ್ತೆ" ಎಂಬ ಒಂದೇ ಉತ್ತರ. ಅದು ಸುಳ್ಳೂ ಆಗಿರಲಿಲ್ಲ. ನಿಂತೇ ಹೋಗುವಂತೆ ಅವಳೇ ಅದನ್ನು ನಡೆಸಿದ್ದಳು.

ಒಂದು ಬೆಳಗ್ಗೆ ತಲೆನೋವು ಎಂದಳು. ಕಣ್ಣು ಮಂಜಾಗಿದೆ ಎಂದಳು. ಕೌಸಲ್ಯ ನೀರು ತರುವಷ್ಟರಲ್ಲಿ ಕತ್ತರಿಸುವ ಮೇಜಿನ ಪಕ್ಕದಲ್ಲೇ ಕುಸಿದು ಬಿದ್ದಳು. ಮಂಡಿಯವರ ವ್ಯಾನಿನಲ್ಲಿ ಮಲಗಿಸಿಕೊಂಡು ತುಮಕೂರಿಗೆ ಓಡಿದರು.

ಗಂಗಾಂಬಿಕೆ ಉಳಿದಳು. ಹೆಣ್ಣು ಮಗು ಉಸಿರಾಡಲೇ ಇಲ್ಲ.

ಮಗುವನ್ನು ಮಣ್ಣು ಮಾಡಿ ಬಂದ ಸದಾಶಿವಯ್ಯ ಮಂಚದ ಪಕ್ಕದಲ್ಲಿ ಕೂತ. ಅವಳಿಗೆ ಎಚ್ಚರವಾದಾಗ ಕೇಳಿದ್ದು ಒಂದೇ. "ಯಾರಂಗಿತ್ತು?"

"ಮೂಗು ನಿನ್ನಂಗೇ ಇತ್ತು" ಎಂದ.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಮೊದ್ಲೇ ಬಂದಿದ್ರೆ ಔಷಧಿ ಕೊಡಬಹುದಾಗಿತ್ತು. ಆಗ ಮಗು ಉಳೀತಿತ್ತು ಅಂತ ನಾನು ಖಂಡಿತ ಹೇಳಲಾರೆ. ಉಳಿಸೋಕೆ ಒಂದು ಅವಕಾಶ ಇರ್ತಿತ್ತು."

ಗುಬ್ಬಿಗೆ ಬಂದ ಮೇಲೆ ಗಂಗಾಂಬಿಕೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ತಿಪ್ಪಮ್ಮ ಒಂದು ದಿನ ಬಂದು ಬಾಗಿಲಲ್ಲೇ ನಿಂತಳು. "ಅಕ್ಕ, ಯೂನಿಫಾರಂ ಬಟ್ಟೆ ಹಂಗೇ ಬಿದ್ದದೆ. ಸ್ಕೂಲ್ನೋರು ಬಂದು ಹೋದ್ರು."

"ವಾಪಸ್ ಕೊಟ್ಬುಡು. ಅಂಗಡಿ ಮುಚ್ಚೋಣ."

ಅಲ್ಲೇ ಕೂತಿದ್ದ ಪದ್ಮಮ್ಮ ಮೆಲ್ಲಗೆ ಹೇಳಿದರು. "ನಿನ್ನ ದುಃಖ ನಾನು ತಗೊಳ್ಳೋಕಾಗಲ್ಲ ಗಂಗಾಂಬಿಕಾ. ಅಳು. ರೆಸ್ಟ್ ತಗೋ. ಆದ್ರೆ ಇವರಿಬ್ರ ಮನೆ ಒಲೆನೂ ಈ ಅಂಗಡಿಯಿಂದಲೇ ಉರಿಯೋದು. ನೀನು ಏಳ್ಬೇಡ. ಮಲಗಿದ ಕಡೆಯಿಂದ್ಲೇ ಹೇಳ್ಕೊಡು."

"ಮತ್ತೆ ಕೆಟ್ಟೋದ್ರೆ?"

"ಮೊದ್ಲು ನ್ಯೂಸ್ ಪೇಪರ್ ಕತ್ತರಿಸ್ಲಿ. ಕೆಟ್ರೆ ಏನಾಯ್ತು? ಒಂದೊಂದೇ ಕೆಲ್ಸ ಕೊಡು. ಹೆಂಗಿದ್ರೆ ಸರಿ ಅಂತ ತೋರ್ಸು, ಯಾಕೆ ಹಂಗೆ ಅಂತ್ಲೂ ಹೇಳು. ಅರ್ಥ ಆಯ್ತಾ ಅಂತ ಕೇಳ್ಬೇಡ, ಆಯ್ತು ಅಂತಾಳೆ. ಅವ್ಳ ಬಾಯಲ್ಲೇ ತಿರುಗಿ ಹೇಳ್ಸು. ಅನುಮಾನ ಬಂದ್ರೆ ಬಂದು ಕೇಳು ಅನ್ನು. ಆಮೇಲೆ ಬೆನ್ನಿಂದೆ ನಿಂತು ಇಣುಕ್ಬೇಡ. ಯಾವಾಗ ನೋಡ್ತೀನಿ ಅಂತ ಹೇಳಿರ್ತೀಯೋ ಆವಾಗ ನೋಡು."

ಗಂಗಾಂಬಿಕೆಗೆ ನಂಬಿಕೆ ಬರಲಿಲ್ಲ. ಬೇಡ ಎನ್ನುವ ಶಕ್ತಿಯೂ ಇರಲಿಲ್ಲ.

ಮಾರನೇ ದಿನ ತಿಪ್ಪಮ್ಮ ನೆಲದ ಮೇಲೆ ಪೇಪರ್ ಹಾಸಿ ಕೂತಳು. ಗಂಗಾಂಬಿಕೆ ಮಲಗಿದ್ದಲ್ಲಿಂದಲೇ ಹೇಳುತ್ತ ಹೋದಳು. ಎಷ್ಟು ಜಾಗ ಬಿಡಬೇಕು, ಮಕ್ಕಳು ಬೆಳೆಯುವುದರಿಂದ ಅಂಚಿನಲ್ಲಿ ಎಷ್ಟು ಮಡಿಸಿ ಇಡಬೇಕು. ತಿಪ್ಪಮ್ಮ ತಿರುಗಿ ಹೇಳಿದಳು. ಒಂದು ಕಡೆ ತಪ್ಪು ಹೇಳಿದಳು. ಗಂಗಾಂಬಿಕೆ ಮತ್ತೆ ಹೇಳಿದಳು. ಹಿಂದೆ ಬಟ್ಟೆ ಕೆಟ್ಟಿದ್ದು ತಾನು ಹೇಳಿಕೊಡದೆ ಇದ್ದದ್ದರಿಂದ ಎಂದು ಗಂಗಾಂಬಿಕೆಗೆ ಆಗ ಹೊಳೆಯಿತು.

ನಾಲ್ಕಾರು ದಿನ ಕಳೆದ ಮೇಲೆ ಬಟ್ಟೆಗೆ ಕತ್ತರಿ ಹಾಕಿದಳು ತಿಪ್ಪಮ್ಮ. ಜೇಬು ಸೊಟ್ಟಗೆ ಬಂತು. ಕಿತ್ತುಕೊಳ್ಳಲು ಗಂಗಾಂಬಿಕೆಯ ಕೈ ಮುಂದೆ ಬಂದೇಬಿಟ್ಟಿತ್ತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು.

"ಎಲ್ಲಿ ತಪ್ಪಿದೆ, ನೀನೇ ನೋಡು."

ತಿಪ್ಪಮ್ಮ ತಿರುಗಿಸಿ ನೋಡಿದಳು. "ಬಟ್ಟೆ ಉದ್ದಕ್ಕೆ ಇಡೋದು ಬಿಟ್ಟು ಅಡ್ಡ ಇಟ್ಟಿದೀನಿ ಕಣಕ್ಕ."

"ಹೌದು. ಇನ್ನೊಂದು ಕತ್ತರ್ಸು."

ಅಳತೆಯ ಟೇಪು ಕೌಸಲ್ಯಳ ಕೈಗೆ ಹೋಯಿತು. ತಾಯಂದಿರ ಜೊತೆ ಮಾತಾಡುವುದರಲ್ಲಿ ಅವಳು ಗಂಗಾಂಬಿಕೆಗಿಂತ ಚುರುಕು. ಇಷ್ಟು ದಿನ ಅದು ಯಾರಿಗೂ ಗೊತ್ತಿರಲಿಲ್ಲ.

ಯೂನಿಫಾರಂ ತಡವಾದರೂ ಎಲ್ಲ ಮಕ್ಕಳಿಗೂ ಸಿಕ್ಕಿತು. ಹೊಸ ಲಂಗ ಹಾಕಿಕೊಂಡ ಹುಡುಗಿಯರು ಬೀದಿಯಲ್ಲಿ ಹೋಗುವುದನ್ನು ಗಂಗಾಂಬಿಕೆ ಬಾಗಿಲಲ್ಲಿ ನಿಂತು ನೋಡಿದಳು. ನೋಡಲಾಗದೆ ಒಳಗೆ ಬಂದಳು. ತಿಪ್ಪಮ್ಮ ಹಿಂದೆಯೇ ಬಂದಳು.

"ಪದ್ಮಮ್ಮ ಬಂದವತ್ತೇ ನಾನು ಬಾಯ್ಬಿಟ್ಟು ಕೇಳ್ಬೇಕಾಗಿತ್ತು. ಹೇಳ್ಕೊಡು, ನಾನು ಮಾಡ್ತೀನಿ ಅಂತ. ಬೈತೀಯಾ ಅಂತ ಸುಮ್ನಾದೆ."

"ನೀನಲ್ಲ ತಿಪ್ಪಮ್ಮ. ಕೊಡ್ಬೇಕಾಗಿದ್ದೋಳು ನಾನು."

ಗಂಗಾಂಬಿಕೆಗೆ ಮತ್ತೆ ಮಕ್ಕಳಾಗಲಿಲ್ಲ. ಅಂಗಡಿ ಮಾತ್ರ ಅವಳಿಲ್ಲದ ದಿನವೂ ನಡೆಯುವುದನ್ನು ಕಲಿಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಜೊತೆಗೂ ಇಬ್ಬರೋ ಮೂವರೋ ದುಡಿಯುತ್ತಿರಬಹುದು. ನೀವೊಬ್ಬರೇ ಹಿಡಿದುಕೊಂಡಿರುವ ಒಂದು ಕೆಲಸವನ್ನು ಈ ವಾರ ಅವರಲ್ಲೊಬ್ಬರಿಗೆ ಬಿಡಿಸಿ ಹೇಳಿಕೊಡಿ. ಮೊದಲ ಸಲ ಕೆಡುತ್ತದೆ. ಕಿತ್ತುಕೊಳ್ಳಬೇಡಿ. ಬಸುರಿಗೆ ನರ್ಸ್ ಆಸ್ಪತ್ರೆಗೆ ಹೋಗು ಎಂದರೆ ಆ ದಿನವೇ ಕಳಿಸಿ. ನಿಮ್ಮ ಕೆಲಸ ನಾಳೆ ಇನ್ನೊಬ್ಬರ ಕೈಯಲ್ಲಿ ಆದೀತು. ನಿಮ್ಮ ಮನೆಯಲ್ಲಿ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ.