ಹದಿನೇಳನೆಯ ಸಾಲು

ಎರಡನೆಯ ಗಂಟೆ ಹೊಡೆಯುವಾಗ ಅವಳು ಚರ್ಚಿನೊಳಗೆ ಕೂತು ತಲೆಗಳನ್ನು ಎಣಿಸುತ್ತಿದ್ದಳು. ತುಟಿ ಅಲುಗಬಾರದು, ಕತ್ತು ತಿರುಗಬಾರದು. ಎಲ್ಲ ಕಣ್ಣಿನಲ್ಲೇ ಆಗಬೇಕು. ಮುಂದಿನ ಬೆಂಚಿನಲ್ಲಿ ನಾಲ್ಕು, ಅದರ ಹಿಂದೆ ಐದು, ಮತ್ತೆ ನಾಲ್ಕು. ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವವಳಿಗೆ ಎಣಿಕೆ ಹೊಸದಲ್ಲ. ಆದರೂ ಇವತ್ತು ಮೂರು ಸಲ ಎಣಿಸಿದರೂ ನಂಬಿಕೆ ಬರಲಿಲ್ಲ. ತಮ್ಮ ಬೆಂಚಿನ ತುದಿಯಲ್ಲಿ ಇಬ್ಬರು, ಆಮೇಲೆ ಅತ್ತೆ ಹದಿನಾರು, ತಾನು ಹದಿನೇಳು. ನಾಲ್ಕನೆಯ ಸಲವೂ ಹದಿನೇಳೇ ಬಂತು.

ಆ ಚರ್ಚು ಕಟ್ಟಿ ಅಂದಿಗೆ ಐವತ್ತು ವರ್ಷ. ಹೋದ ಭಾನುವಾರ ಪಾಸ್ಟರು ಎಲ್ಲರಿಗೂ ಒಂದೊಂದು ಹಾಳೆ ಹಂಚಿದ್ದರು. ಅದರಲ್ಲಿ ಅವರೇ ಬರೆದ ಕೃತಜ್ಞತೆಯ ಸಾಲುಗಳು, ಒಂದೊಂದಕ್ಕೂ ಅಂಕಿ. ಬೆಂಚಿನಿಂದ ಬೆಂಚಿಗೆ ಒಬ್ಬೊಬ್ಬರೇ ಎದ್ದು ಒಂದೊಂದು ಸಾಲು ಓದಬೇಕು, ಉಳಿದವರು "ಕರ್ತನೇ, ನಿನಗೆ ಸ್ತೋತ್ರ" ಅನ್ನಬೇಕು.

"ಇಷ್ಟು ವರ್ಷ ಮದುವೆ ಊಟಕ್ಕೆ ಕೂತ ಹಾಗೆ ಕೂತ್ರಿ, ಕೈ ತೊಳ್ಕೊಂಡು ಹೋದ್ರಿ," ಎಂದಿದ್ದರು ಪಾಸ್ಟರು. "ಆರಾಧನೆ ಅಂದ್ರೆ ನೋಡೋದಲ್ಲ. ಮುಂದಿನ ವಾರ ಬಡಿಸೋರು ನೀವೇ."

ಎಲ್ಲರೂ ನಕ್ಕಿದ್ದರು. ಅವಳೂ ಹಲ್ಲು ಕಾಣಿಸಿದ್ದಳು. ಆದರೆ ಹಾಳೆಯನ್ನು ಚಿಕ್ಕದಾಗಿ ಮಡಚಿ ಸೆರಗಿನೊಳಗೆ ಬಚ್ಚಿಟ್ಟಿದ್ದಳು.

ಮದುವೆಯಾಗಿ ಐದು ತಿಂಗಳಾಗಿತ್ತು. ಸಂಬಂಧ ಕುದುರಿಸಿದ ಚಿಕ್ಕಮ್ಮ, "ಹುಡುಗಿ ಹತ್ತನೇ ಕ್ಲಾಸು ಪಾಸು, ಆದ್ರೆ ಬಾಯಿ ಕಮ್ಮಿ" ಎಂದು ಹೇಳಿದ್ದಳು. ಬಾಯಿ ಕಮ್ಮಿ ಎನ್ನುವುದು ನಿಜ. ಎರಡನೇ ಕ್ಲಾಸಿನ ನಡುವೆ ಅಮ್ಮ ಹಾಸಿಗೆ ಹಿಡಿದಾಗ ಸ್ಲೇಟು ಬಿಟ್ಟು ಸೂಜಿ ಹಿಡಿದವಳು ಅವಳು. ಟೇಪಿನ ಮೇಲಿನ ಅಂಕಿಗಳು ಅವಳಿಗೆ ನೀರು ಕುಡಿದಷ್ಟು ಸಲೀಸು. ಅಕ್ಷರ ಮಾತ್ರ ಕೂಡಿ ಬರುತ್ತಿರಲಿಲ್ಲ. ಐದು ತಿಂಗಳಿಂದ ಅತ್ತೆ ಹಾಡಿನ ಪುಸ್ತಕ ತೆರೆದಾಗ ತಾನೂ ತೆರೆದು, ಅತ್ತೆ ಹಾಳೆ ತಿರುವಿದಾಗ ತಾನೂ ತಿರುವುತ್ತಿದ್ದಳು. ಹಾಡುಗಳು ಕಿವಿಯಿಂದಲೇ ಬಾಯಿಗೆ ಬಂದಿದ್ದವು.

ಅತ್ತೆಯೋ, ಭಾನುವಾರದ ಮಕ್ಕಳ ಪಾಠದ ಟೀಚರಮ್ಮ. ಓಣಿಯ ಅರ್ಧ ಮಕ್ಕಳು ಅವರ ಬೆರಳು ಹಿಡಿದೇ ಅಕ್ಷರ ಕಲಿತಿದ್ದರು. "ದೇವರ ಮನೆಗೆ ಸುಳ್ಳು ಹೊತ್ಕೊಂಡು ಬರೋದಕ್ಕಿಂತ ಮನೇಲಿ ಮುಸುಕು ಹೊದ್ದು ಮಲಗೋದು ಮೇಲು," ಎಂದು ಅವರು ಮಕ್ಕಳಿಗೆ ಹೇಳುವುದನ್ನು ಕೇಳಿದಾಗಲೆಲ್ಲ ಸೊಸೆಯ ಬೆನ್ನು ತಣ್ಣಗಾಗುತ್ತಿತ್ತು. ಅವಳು ಹೊತ್ತು ತರುತ್ತಿದ್ದುದು ಒಂದು ಸುಳ್ಳಲ್ಲ, ಪ್ರತಿ ಭಾನುವಾರ ಹೊಸದಾಗಿ ಒಂದು.

ಬುಧವಾರ ಅವಳಿಗೆ ದಾರಿಯೊಂದು ಹೊಳೆದಿತ್ತು. ಆ ಚರ್ಚಿನಲ್ಲಿ ಯಾರೂ ಕೂತ ಜಾಗ ಬದಲಿಸುವುದಿಲ್ಲ. ಹಾಗಾದರೆ ತನಗೆ ಬರುವ ಸಾಲು ಯಾವುದೆಂದು ಮೊದಲೇ ಲೆಕ್ಕ ಹಾಕಬಹುದು. ಬಡಗಿ ಗಂಡ ಊಟ ಮಾಡಿ ಉಳಿಗೆ ಸಾಣೆ ಹಿಡಿಯುತ್ತಿದ್ದಾಗ ಹಾಳೆಯನ್ನು ಮುಂದಿಟ್ಟಳು.

"ಒಂದ್ಸಲ ಓದ್ರೀ, ನಿಮ್ಮ ಬಾಯಲ್ಲಿ ಕೇಳ್ಬೇಕು."

"ಹತ್ತು ಓದಿದೋಳು ನೀನು. ನಾನು ಏಳಕ್ಕೇ ಕೈ ಮುಗಿದೋನು. ನೀನೇ ಓದು."

"ಗಂಟಲು ನೋವು."

"ನನ್ನ ಓದು ಕೇಳಿದ್ರೆ ಕಿವಿ ನೋವೂ ಬರುತ್ತೆ, ಆಮೇಲೆ ನನ್ನ ಅನ್ಬೇಡ," ಎಂದು ನಗುತ್ತ ಅವನು ಗಡಗಡ ಓದಿದ. ಹದಿನೇಳನೆಯದನ್ನು ಮಾತ್ರ, ಚೆನ್ನಾಗಿದೆ ಎಂಬ ನೆಪದಲ್ಲಿ, ಮೂರು ಸಲ ಓದಿಸಿದಳು. "ಕತ್ತಲಲ್ಲಿ ಕೈಬಿಡದೆ ಮನೆಯವರೆಗೆ ನಡೆಸಿದ್ದಕ್ಕಾಗಿ." ಅಂದಿನಿಂದ ಒಂದೊಂದು ಕಾಜಾಕ್ಕೂ ಒಂದೊಂದು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಇಷ್ಟಾದರೂ ಇವತ್ತು ಬೆಳಿಗ್ಗೆ ಜ್ವರ ಎಂದು ಮಲಗಿ ನೋಡಿದ್ದಳು. ಅತ್ತೆ ಹಣೆ ಮುಟ್ಟಿ, "ಮಡಿಕೆ ಹಾಗೆ ತಣ್ಣಗಿದೆ, ಏಳು" ಎಂದಿದ್ದರು.

ಮೂರನೆಯ ಗಂಟೆ ಹೊಡೆಯಿತು. ಹಾಡುವವರ ಸಾಲಿನಲ್ಲಿ ನಿಂತಿದ್ದ ಗಂಡ ಅವಳತ್ತ ನೋಡಿ ಹುಬ್ಬು ಹಾರಿಸಿದ. ಮೊದಲ ಹಾಡು ಮುಗಿಯುತ್ತ ಬಂದಿತ್ತು. ಆಗ ಹಿಂದಿನ ಬಾಗಿಲು ಕಿರ್ ಎಂದಿತು.

"ಬಂದ ನೋಡಪ್ಪ ಮೂರನೇ ಗಂಟೆ!" ಎಂದು ಅವಳ ಆಚೆ ಪಕ್ಕದಲ್ಲಿದ್ದ ಗಡಿಯಾರ ರಿಪೇರಿಯ ತಾತ ಪಿಸುಗುಟ್ಟಿದ. ಅದು ಪೋಸ್ಟ್‌ಮ್ಯಾನನ ಅಡ್ಡಹೆಸರು. ಮೂರನೆಯ ಗಂಟೆ ಮುಗಿಯದೆ ಅವನು ಯಾವತ್ತೂ ಒಳಗೆ ಕಾಲಿಟ್ಟವನಲ್ಲ. ಒಂದು ತಿಂಗಳಿಂದ ಅವನನ್ನು ಬೇರೆ ಊರಿನ ಕೆಲಸಕ್ಕೆ ಹಾಕಿದ್ದರು. ಅವಳು ಅವನನ್ನು ಮರೆತೇಬಿಟ್ಟಿದ್ದಳು. ಅವನು ತುದಿಗಾಲಲ್ಲಿ ನಡೆದು, ಎರಡನೆಯ ಬೆಂಚಿನವರನ್ನು ಸರಿಸಿ, ತನ್ನ ಹಳೆಯ ಜಾಗದಲ್ಲಿ ತುರುಕಿಕೊಂಡು ಕೂತ.

ಐದು ಇದ್ದದ್ದು ಆರಾಯಿತು.

ಅವಳಿಗೆ ಕೂಡಲೇ ಲೆಕ್ಕ ಹತ್ತಲಿಲ್ಲ. ಹತ್ತಿದಾಗ ಅಂಗೈ ಒದ್ದೆಯಾಗಿ ಹಾಳೆ ಮೆತ್ತಗಾಯಿತು. ತಾನೀಗ ಹದಿನೆಂಟು. ಹದಿನೆಂಟರಲ್ಲಿ ಏನಿದೆ? ಗಂಡ ಓದಿದ್ದನಲ್ಲ! ಎಷ್ಟು ನೆನೆದರೂ ಸಾಣೆಯ ಸದ್ದಷ್ಟೇ ನೆನಪಿಗೆ ಬಂತು. ಎದ್ದು ಹೊರಗೆ ಹೋಗೋಣವೆಂದರೆ ಅತ್ತೆಯ ಮೊಣಕಾಲು ದಾಟಬೇಕು.

ಮುಂದಿನ ಬೆಂಚಿನಲ್ಲಿ ಓದು ಶುರುವಾಗಿತ್ತು. ಒಬ್ಬರು ಏಳುವುದು, ಓದುವುದು, ಎಲ್ಲರೂ "ಕರ್ತನೇ, ನಿನಗೆ ಸ್ತೋತ್ರ" ಅನ್ನುವುದು, ಬೆಂಚು ಕಿರುಗುಟ್ಟುವುದು. ನಾಲ್ಕು. ಐದು. ಪೋಸ್ಟ್‌ಮ್ಯಾನ್ ಪಕ್ಕದವನ ಹಾಳೆ ಇಸಿದುಕೊಂಡು ಅಂಚೆ ಪೆಟ್ಟಿಗೆಗೂ ಕೇಳುವಷ್ಟು ಗಟ್ಟಿಯಾಗಿ ಓದಿದ. ಹತ್ತು. ಹನ್ನೊಂದು. ಕರ್ತನೇ, ಯಾರಾದರೂ ಮೂರ್ಛೆ ಹೋಗಲಿ ಎಂದು ಬೇಡಿಕೊಂಡಳು. ಇದು ಇಲ್ಲಿ ಬೇಡುವ ಮಾತೇ ಎಂದು ಇನ್ನಷ್ಟು ಹೆದರಿದಳು.

ಅತ್ತೆ ಎದ್ದರು. ಕನ್ನಡಕ ಸರಿಮಾಡಿಕೊಂಡು, ಮಕ್ಕಳಿಗೆ ಹೇಳಿಕೊಡುವ ಹಾಗೆ ಬಿಡಿಸಿ ಬಿಡಿಸಿ ಓದಿದರು: "ಕತ್ತಲಲ್ಲಿ ಕೈಬಿಡದೆ ಮನೆಯವರೆಗೆ ನಡೆಸಿದ್ದಕ್ಕಾಗಿ."

"ಕರ್ತನೇ, ನಿನಗೆ ಸ್ತೋತ್ರ."

ಅವಳು ಎದ್ದು ನಿಂತಳು. ಹಾಳೆಯಲ್ಲಿ ಹದಿನೆಂಟು ಎಂಬ ಅಂಕಿ ಕಂಡಿತು. ದಿನಾ ಟೇಪಿನಲ್ಲಿ ನೋಡುವ ಅಂಕಿಯೇ. ಅದರ ಮುಂದಿದ್ದುದು ಇರುವೆ ಸಾಲು. ಬಾಯಿಗೆ "ಕತ್ತಲಲ್ಲಿ" ಎಂದೇ ಬಂತು. ನುಂಗಿಕೊಂಡಳು. ಯಾರೋ ಕೆಮ್ಮಿದರು. ಅತ್ತೆ ತಲೆಯೆತ್ತಿ ನೋಡುತ್ತಿರುವುದು ಕೆನ್ನೆಗೆ ಬಿಸಿಯಾಗಿ ತಿಳಿಯಿತು.

"ಓದೋಕೆ..." ಎಂದಳು. ದನಿ ಸೂಜಿ ಬಿದ್ದಷ್ಟಿತ್ತು.

"ಸ್ವಲ್ಪ ಜೋರಾಗಿ, ತಾಯಿ," ಎಂದರು ಪಾಸ್ಟರು.

ಅವಳು ಹಾಳೆಯಿಂದ ಕಣ್ಣು ತೆಗೆದಳು. ಎಲ್ಲಿ ನೋಡಬೇಕೆಂದು ತಿಳಿಯದೆ ಮುಂದಿನ ಬೆಂಚಿನ ಮರದ ಗಂಟೊಂದನ್ನು ನೋಡಿದಳು.

"ಓದೋಕೆ ಬರದೋಳನ್ನೂ ಒಳಗೆ ಕೂರಿಸ್ಕೊಂಡಿದ್ದಕ್ಕಾಗಿ."

"ಕರ್ತನೇ, ನಿನಗೆ..." ಅಭ್ಯಾಸದ ಬಲದಲ್ಲಿ ಇಡೀ ಚರ್ಚು ಶುರುಮಾಡಿತು. ನಡುವೆ ಕೆಲವರು ಹಾಳೆ ನೋಡಿದರು, ಕೆಲವರು ಹಿಂದೆ ತಿರುಗಿದರು. "ಸ್ತೋತ್ರ" ಎಂದು ಮುಗಿಸಿದವರು ಮೂರೋ ನಾಲ್ಕೋ ಮಂದಿ. ಹಾಡುವವರ ಸಾಲಿನಲ್ಲಿ ಗಂಡನ ಬಾಯಿ ತೆರೆದೇ ಇತ್ತು. ಪಾಸ್ಟರು ಕೈಯಲ್ಲಿದ್ದ ಹಾಳೆಯನ್ನು ಕೆಳಗಿಳಿಸಿದರು. ಅವಳು ಕೂತಳು.

ಗಡಿಯಾರದ ತಾತ ಎದ್ದು ಹಾಳೆಯನ್ನು ಮೂಗಿಗೆ ತಂದುಕೊಂಡ. ಓದಲಿಲ್ಲ. ಅವಳ ತಲೆಯ ಮೇಲಿಂದ ಬಗ್ಗಿ ಕೇಳಿದ: "ಟೀಚರಮ್ಮ, ನಾನೀಗ ಹದಿನೆಂಟು ಓದ್ಲೋ, ಹತ್ತೊಂಬತ್ತು ಓದ್ಲೋ?"

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಹತ್ತೊಂಬತ್ತು ಓದಿ," ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. "ಹದಿನೆಂಟು ಆಯ್ತಲ್ಲ."

ತಾತ ಓದಿದ. ಸ್ತೋತ್ರ ಮತ್ತೆ ಒಂದೇ ದನಿಯಾಗಿ ಎದ್ದಿತು. ಅದರ ಮರೆಯಲ್ಲಿ ಅತ್ತೆ ಅವಳ ಕಿವಿಗೆ ಬಗ್ಗಿ, "ಮನೇಗೆ ನಡಿ, ನಿಂಗಿದೆ," ಎಂದರು.

ಅವಳು ತಲೆ ಎತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಎದ್ದರು. ಅತ್ತೆಯ ಕೈ ಬಂದು ಅವಳ ತೊಡೆಯ ಮೇಲಿದ್ದ ಹಾಳೆಯನ್ನು ನೆಟ್ಟಗೆ ಮಾಡಿತು. ಆಮೇಲೆ ತೋರುಬೆರಳು ಇಪ್ಪತ್ತನೆಯ ಸಾಲಿನ ಕೆಳಗೆ ಹೋಗಿ ಮೊದಲ ಅಕ್ಷರದ ಅಡಿಯಲ್ಲಿ ನಿಂತಿತು. ಅವಳ ಕಣ್ಣು ಅಲ್ಲಿಗೆ ಬರುವವರೆಗೂ ಬೆರಳು ಕಾಯಿತು.